ಅನ್ನವ್ವನ ಹಲ್ಲು, ಹಯಾತನ ಜೋಡಿ

ಸವಣೂರಿಗೆ ಬಂದು ಡೆಂಟಲ್ ಲ್ಯಾಬ್ ಎಲ್ಲಿದೆ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ತಲೆ ಕೆರೆದುಕೊಳ್ಳುತ್ತಾರೆ. ಹಲ್ಲು ಕಟ್ಟುವ ಹಯಾತ ಎಂದು ಕೇಳಿ ನೋಡಿ, ವೀಳ್ಯದೆಲೆ ಮಾರುವ ಮುದುಕಿಯೂ ಎದ್ದು ನಿಂತು ಕೈ ಮಾಡಿ ತೋರಿಸುತ್ತಾಳೆ. ಹಯಾತ ಡಾಕ್ಟರನಲ್ಲ. ಐವತ್ತೊಂದು ವರ್ಷದ ಆಯುಷ್ಯದಲ್ಲಿ ಒಬ್ಬರ ಬಾಯಿಗೂ ಅವನು ಬೆರಳು ಹಾಕಿಲ್ಲ. ಹಾನಗಲ್, ಶಿಗ್ಗಾಂವಿ, ಹಿರೇಕೆರೂರಿನ ಹಲ್ಲಿನ ಡಾಕ್ಟರುಗಳು ಬಾಯಿಯ ಅಳತೆ ಕಳಿಸುತ್ತಾರೆ, ಇವನು ಅದಕ್ಕೆ ತಕ್ಕ ಹಲ್ಲು ಮಾಡಿ ಕಳಿಸುತ್ತಾನೆ. ಈ ಸೀಮೆಯ ಎಷ್ಟೋ ಮಂದಿ ಅವನು ಮಾಡಿದ ಹಲ್ಲಿನಿಂದ ಕಟಕ್ ರೊಟ್ಟಿ ಮುರಿದು ತಿನ್ನುತ್ತಿದ್ದಾರೆ. ಅವನ ಮುಖವನ್ನು ಮಾತ್ರ ಅವರು ಕಂಡಿಲ್ಲ, ಇವನೂ ಅವರ ಮುಖ ಕಂಡಿಲ್ಲ, ಬರೀ ದವಡೆ ಕಂಡಿದ್ದಾನೆ.

ಹಲ್ಲು ನೋಡುವುದು ಆ ಮನೆತನಕ್ಕೆ ಹೊಸದೇನೂ ಅಲ್ಲ. ಅವನ ಅಪ್ಪ ಇಮಾಮಸಾಬರು ದನದ ಸಂತೆಯ ದಲ್ಲಾಳಿಯಾಗಿದ್ದರು. ಎತ್ತಿನ ತುಟಿ ಎತ್ತಿ ಒಂದು ಕಣ್ಣು ಹಾಯಿಸಿದರೆ ಸಾಕು, ಅದರ ವಯಸ್ಸು ಹೇಳುತ್ತಿದ್ದರು. ಎರಡು ಹಲ್ಲು, ನಾಲ್ಕು ಹಲ್ಲು, ಎಲ್ಲ ಹಲ್ಲು ಬಂದು ಬಾಯಿ ಕೂಡಿದ್ದು ಎಂದು ಎಣಿಸುವುದನ್ನು ಹಯಾತ ಚಡ್ಡಿ ಹಾಕುವ ವಯಸ್ಸಿನಲ್ಲೇ ಕಲಿತ. ಅದಕ್ಕಿಂತ ಹೆಚ್ಚಾಗಿ ಅವನ ಮನಸ್ಸಿನಲ್ಲಿ ಕೂತದ್ದು ಅಪ್ಪ ಜೋಡಿ ಕೂಡಿಸುತ್ತಿದ್ದ ರೀತಿ. ಬಣ್ಣ, ಎತ್ತರ, ಕೋಡಿನ ಬಾಗು, ನಡಿಗೆ, ಹಲ್ಲು, ಎಲ್ಲವೂ ಒಂದೇ ಇರಬೇಕು. ಒಂದು ಎತ್ತು ಸಿಕ್ಕು ಅದರ ಸರಿಜೊತೆ ಸಿಗದಿದ್ದರೆ ಇಮಾಮಸಾಬರು ಮೂರು ಸಂತೆ ಬೇಕಾದರೂ ಕಾಯುತ್ತಿದ್ದರು. ಮಾರುವ ಮುಂಚೆ ಇನ್ನೊಂದು ಪದ್ಧತಿ ಇತ್ತು. ಗಾಡಿಗೆ ಹೂಡಿ ಓಡಿಸಿ ತೋರಿಸಿದ ಮೇಲೆ ನೊಗ ಬಿಚ್ಚುವುದು, ಎಡಕ್ಕಿದ್ದ ಎತ್ತನ್ನು ಬಲಕ್ಕೂ ಬಲಕ್ಕಿದ್ದದ್ದನ್ನು ಎಡಕ್ಕೂ ಹೂಡಿ ಮತ್ತೆ ಓಡಿಸುವುದು. ಎರಡೂ ಕಡೆ ನಡೆದರೆ ಮಾತ್ರ ಅದನ್ನು ಜೋಡಿ ಎಂದು ಮಾರುತ್ತಿದ್ದರು.

ಹಲ್ಲು ನೋಡುವ ಕಣ್ಣು ಹಯಾತನಿಗೆ ಅಪ್ಪನಿಂದ ಬಂತು. ಕೆದಕುವ ಚಟ ಎಲ್ಲಿಂದ ಬಂತೋ ದೇವರೇ ಬಲ್ಲ. ಯಾವ ವಸ್ತು ಕೈಗೆ ಸಿಕ್ಕರೂ ಒಳಗೆ ಏನಿದೆ ಎಂದು ನೋಡದೆ ಇದ್ದರೆ ಅವನಿಗೆ ಅನ್ನ ಇಳಿಯುವುದಿಲ್ಲ. ಮದುವೆಗೆ ಉಡುಗೊರೆ ಬಂದ ಗೋಡೆ ಗಡಿಯಾರವನ್ನು ಮೂರನೇ ದಿನವೇ ಬಿಚ್ಚಿದ. ಅದು ಈಗಲೂ ಓಡುತ್ತಿದೆ, ಹದಿನೈದು ನಿಮಿಷ ಮುಂದಕ್ಕೆ. ಹೆಂಡತಿ ಶಬನಮ ಇಪ್ಪತ್ತಾರು ವರ್ಷದಿಂದ ಆ ಹದಿನೈದು ನಿಮಿಷ ಕಳೆದೇ ಸಂಸಾರ ಮಾಡುತ್ತ ಬಂದಿದ್ದಾಳೆ.

ಹುಬ್ಬಳ್ಳಿಯ ಒಂದು ಲ್ಯಾಬಿನಲ್ಲಿ ಹಲ್ಲಿಗೆ ಹೊಳಪು ಕೊಡುವ ಕೆಲಸಕ್ಕೆ ಸೇರಿ, ಹದಿನೆಂಟು ವರ್ಷ ದುಡಿದು, ಕೊನೆಗೆ ಊರಿಗೆ ಬಂದು ಸ್ವಂತ ಲ್ಯಾಬ್ ಹಾಕಿದ. ಮೊದಲೆಲ್ಲ ಗಿರಾಕಿಗಳ ದವಡೆಗಳು ಸುಣ್ಣದ ಅಚ್ಚಿನಲ್ಲಿ ಬಸ್ಸು ಹತ್ತಿ ಬರುತ್ತಿದ್ದವು. ಈಗ ಕಾಲ ಬದಲಾಗಿದೆ. ಡಾಕ್ಟರು ಪೆನ್ನಿನಂಥ ಕ್ಯಾಮೆರಾವನ್ನು ಬಾಯಲ್ಲಿ ಆಡಿಸಿದರೆ ಸಾಕು, ಹಿರೇಕೆರೂರಿನ ದವಡೆ ಗಳಿಗೆಯೊಳಗೆ ಸವಣೂರಿನ ಕಂಪ್ಯೂಟರಿನಲ್ಲಿ ಬಂದು ಕೂಡುತ್ತದೆ. ಹಯಾತ ಅದನ್ನು ಮೌಸಿನಿಂದ ಮೇಲೆ ಕೆಳಗೆ ತಿರುಗಿಸಿ, ಹಲ್ಲು ಹಲ್ಲು ಎಳೆದು ಕೂಡಿಸುತ್ತಾನೆ. ಆ ಕೆಲಸಕ್ಕೆಂದೇ ಒಂದು ದೊಡ್ಡ ಡೆಸ್ಕ್‌ಟಾಪ್ ಕಟ್ಟಿಸಿದ್ದ. ಅದರ ಬದಿಯ ತಗಡಿನ ಮುಚ್ಚಳಕ್ಕೆ ನಾಲ್ಕು ಸ್ಕ್ರೂ ಇದ್ದವು. ತೆಗೆದು ಹಾಕಿ, ತೆಗೆದು ಹಾಕಿ ಈಗ ಒಂದೇ ಉಳಿದಿತ್ತು.

ಕಳೆದ ವರ್ಷ ಆ ಕಂಪ್ಯೂಟರಿನ ಹಳೆಯ ಹಾರ್ಡ್‌ಡಿಸ್ಕ್ ಕಟ್ ಕಟ್ ಎಂದು ಸದ್ದು ಮಾಡಲು ಶುರುಮಾಡಿತು. ಏಳು ವರ್ಷದ ದವಡೆಗಳು ಅದರೊಳಗೆ ಇದ್ದವು. ಹಯಾತ ಶಿಗ್ಗಾಂವಿಯ ಪ್ರಾಣೇಶನ ಅಂಗಡಿಗೆ ಓಡಿದ. ಪ್ರಾಣೇಶನದು ಕಂಪ್ಯೂಟರ್ ಮಾರುವ, ರಿಪೇರಿ ಮಾಡುವ ಅಂಗಡಿ. ಆಚಾರ್ಯರ ಮನೆತನ. ಅಜ್ಜ ವೇದಾಂತ ಪಾಠ ಹೇಳುತ್ತಿದ್ದ ಧಾಟಿಯಲ್ಲೇ ಮೊಮ್ಮಗ ಕೇಬಲ್ಲಿನ ಪಾಠ ಹೇಳುತ್ತಾನೆ, ಪೂರ್ವಪಕ್ಷದಿಂದ ಶುರು ಮಾಡಿ.

"ಹಯಾತಭಾಯಿ, ಇನ್ನ ಮುಂದ ಒಂದರ ಮ್ಯಾಲೆ ನಂಬಿಗಿ ಇಡಬ್ಯಾಡ್ರಿ. ಎರಡು ಎಸ್‌ಎಸ್‌ಡಿ ಡ್ರೈವ್ ಹಾಕ್ಕೋರಿ, ಮಿರರ್ ಮಾಡ್ಕೊಡ್ತೇನಿ. ನೀವು ಒಮ್ಮೆ ಬರದದ್ದು ಎರಡರ ಮ್ಯಾಲೂ ಕೂಡ್ತದ. ಒಂದು ಸತ್ತರ ಇನ್ನೊಂದು ಕೆಲಸ ನಡಸ್ಕೊಂಡು ಹೋಗ್ತದ."

"ಅಂದ್ರ ಜೋಡಿ ಅನ್ರಿ," ಎಂದ ಹಯಾತ. ಅವನ ಕಣ್ಣು ಆಗಲೇ ಹೊಳೆಯುತ್ತಿತ್ತು.

"ಹ್ಞೂಂ, ಜೋಡಿ. ಆದ್ರ ಒಂದು ಈ ಕಂಪನಿದು, ಇನ್ನೊಂದು ಬ್ಯಾರೆ ಕಂಪನಿದು ತಗೋರಿ. ಒಂದ ದಿನ ಹುಟ್ಟಿ, ಒಂದ ಸಮ ದುಡದವು ಒಂದ ಹೊತ್ತಿಗೆ ಕೈ ಕೊಟ್ರ ಏನ್ಮಾಡ್ತೀರಿ?"

ಹಯಾತನಿಗೆ ಈ ಮಾತು ಹಿಡಿಸಲಿಲ್ಲ. "ಛೇ ಛೇ, ಎಂಥಾ ಮಾತ್ರಿ ಇದು! ಬಿಳೇ ಎತ್ತಿಗೆ ಕೆಂದ ಎತ್ತು ಕೂಡಿಸಿ ಜೋಡಿ ಅಂತಾರೇನ್ರಿ? ಒಂದ ನಮೂನಿ ಎರಡ ಕೊಡ್ರಿ. ನಾ ಇಮಾಮಸಾಬನ ಮಗಾ ಅದೇನಿ."

ಪ್ರಾಣೇಶ ಇನ್ನೂ ನಾಲ್ಕು ಕಾರಣ ಹೇಳಿದ. ಹೇಳಿದ್ದು ಗೋಡೆಗೆ ಹೇಳಿದಂತಾಯಿತು. ಹಯಾತ ಡಬ್ಬಿಗಳನ್ನು ತಿರುಗಿಸಿ ಮುರುಗಿಸಿ, ಕೊನೆಗೆ ನಂಬರುಗಳು ನಾನೂರಾ ಹದಿನೇಳು, ನಾನೂರಾ ಹದಿನೆಂಟು ಎಂದು ಮುಗಿಯುವ ಎರಡನ್ನು ಆರಿಸಿದ. ಒಂದೇ ಗಾತ್ರ, ಒಂದೇ ಕಪ್ಪು, ಒಂದರ ಬೆನ್ನಿಗೆ ಒಂದು ಹುಟ್ಟಿದವು. ಅಪ್ಪ ಇದ್ದಿದ್ದರೆ ಬೆನ್ನು ಚಪ್ಪರಿಸುತ್ತಿದ್ದರು ಎಂದು ಅವನಿಗೆ ಅನ್ನಿಸಿತು. ಮಿರರ್ ಮಾಡುವ ಕೆಲಸವನ್ನೂ ಪ್ರಾಣೇಶನಿಗೆ ಬಿಡಲಿಲ್ಲ. ಹೇಗೆ ಎಂದು ಒಂದು ಚೀಟಿಯ ಮೇಲೆ ಬರೆಸಿಕೊಂಡು, ಜೋಡಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಸವಣೂರಿನ ಬಸ್ಸು ಹತ್ತಿದ.

ಶುಕ್ರವಾರ ನಮಾಜು ಮುಗಿಸಿ ಬಂದು ಕಂಪ್ಯೂಟರಿನ ಮುಚ್ಚಳ ತೆಗೆದ. ವಿಂಡೋಸ್ ಬೇರೆ ಒಂದು ಸಣ್ಣ ಡ್ರೈವಿನಲ್ಲಿತ್ತು, ಅದನ್ನು ಮುಟ್ಟಲಿಲ್ಲ. ಹೊಸ ಎರಡನ್ನು ಅಕ್ಕಪಕ್ಕ ಕೂಡಿಸಿ, ಕರೆಂಟಿನ ಕೇಬಲ್ಲು ಒಂದೊಂದು, ಬರಹ ಹೋಗಿಬರುವ ಕೇಬಲ್ಲು ಒಂದೊಂದು ಸಿಗಿಸಿದ. ಚೀಟಿ ನೋಡಿಕೊಂಡು ಎರಡಕ್ಕೂ ಗುರುತು ಹಾಕಿ ಮಿರರ್ ಎಂಬುದನ್ನು ಒತ್ತಿದ. ಇವುಗಳ ಮೇಲಿರುವುದೆಲ್ಲ ಅಳಿಸಿಹೋಗುತ್ತದೆ, ಆಗಬಹುದೇ ಎಂದು ಕಂಪ್ಯೂಟರ್ ಕೇಳಿತು. ಡ್ರೈವುಗಳು ಖಾಲಿ ಎಂದು ಗೊತ್ತಿದ್ದರೂ ಹಯಾತ ಚೀಟಿಯನ್ನು ಇನ್ನೊಮ್ಮೆ ಓದಿಕೊಂಡ. ಹೌದು ಎಂದು ಒತ್ತಿದ. ಆಗ ಪರದೆಯ ಮೇಲೆ ಎರಡು ಡ್ರೈವುಗಳ ಬದಲು ಒಂದೇ ಒಂದು ಕಾಣಿಸಿಕೊಂಡಿತು.

ಚಹಾ ತಂದ ಶಬನಮ ಅದನ್ನು ನೋಡಿದಳು. "ಎರಡು ತಂದ್ರಿ, ಒಂದ ಕಾಣಾಕತ್ತೈತಿ. ಎರಡ ಟಿಬಿದು ಎರಡಂದ್ರ ನಾಕ ಆಗ್ಬೇಕಿಲ್ರಿ?"

"ಗಾಡಿಗೆ ಎರಡ ಎತ್ತ ಹೂಡಿದ್ರ ಎರಡ ಗಾಡಿ ಆಗ್ತಾವೇನ?" ಎಂದ ಹಯಾತ. ಆ ಮಾತು ಅವನಿಗೇ ಎಷ್ಟು ಹಿಡಿಸಿತೆಂದರೆ ಮುಂದೆ ಎರಡು ತಿಂಗಳು ಬಂದವರಿಗೆಲ್ಲ ಅದನ್ನೇ ಹೇಳಿದ.

ಹಳೆಯ ದವಡೆಗಳೆಲ್ಲ ಹೊಸ ಜೋಡಿಗೆ ಹೋಗಿ ಕೂತವು. ಇಲ್ಲಿಗೆ ಕಥೆ ಮುಗಿಯಬೇಕಿತ್ತು, ಆದರೆ ಹಯಾತನ ಕೈ ತುರಿಸುತ್ತಿತ್ತು. ಒಂದು ಸತ್ತರೂ ಇನ್ನೊಂದು ನಡೆಯುತ್ತದೆ ಅಂದಿದ್ದರಲ್ಲ, ನಿಜವೇ? ನಾಲ್ಕು ದಿನ ತಡೆದುಕೊಂಡ. ಐದನೆಯ ದಿನ ಮುಚ್ಚಳ ತೆಗೆದು, ಕಂಪ್ಯೂಟರ್ ನಡೆದಿರುವಾಗಲೇ ಒಂದು ಡ್ರೈವಿನ ಕರೆಂಟಿನ ಕೇಬಲ್ಲು ಎಳೆದ. ಪರದೆಯ ಮೇಲೆ ಹಾನಗಲ್ಲಿನ ಯಾರದೋ ಕೆಳದವಡೆ ಇತ್ತು. ಅದು ಅಲುಗಾಡಲಿಲ್ಲ. ತಿರುಗಿಸಿದರೆ ತಿರುಗಿತು, ಬೇರೆ ತೆರೆದರೆ ತೆರೆಯಿತು. ಹಯಾತ ಕುರ್ಚಿಯಿಂದ ಎದ್ದು ನಿಂತೇಬಿಟ್ಟ. ಈ ಸುದ್ದಿಯನ್ನು ಪ್ರಾಣೇಶನಿಗೆ ಹೇಳುವ ಅವಸರದಲ್ಲಿ ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ಕೇಬಲ್ಲು ತುರುಕಿದ. ಅದು ಸರಿಯಾಗಿ ಕೂತಿತೋ ಇಲ್ಲವೋ ನೋಡಲಿಲ್ಲ. ಅವತ್ತಿನಿಂದ ಪರದೆಯ ಮೂಲೆಯಲ್ಲಿ ಹಳದಿ ಬಣ್ಣದ ಸಣ್ಣದೊಂದು ಗುರುತು ಕಾಣಿಸಿಕೊಳ್ಳತೊಡಗಿತು. ಕಂಪ್ಯೂಟರು ದಿನಕ್ಕೆ ಹತ್ತು ಸಲ ಏನಾದರೊಂದು ಗೊಣಗುತ್ತದೆ, ಕೆಲಸ ನಡೆದಿದೆಯಲ್ಲ ಎಂದು ಹಯಾತ ಅದನ್ನು ಕಣ್ಣೆತ್ತಿ ನೋಡಲಿಲ್ಲ. ಎಲ್ಲದರ ಒಳಗನ್ನು ನೋಡುವ ಮನುಷ್ಯ ಎದುರಿಗೆ ಇದ್ದದ್ದನ್ನು ನೋಡಲಿಲ್ಲ.

ಹತ್ತು ದಿನದ ಮೇಲೆ ಹಿರೇಕೆರೂರಿನ ಹಲ್ಲಿನ ಡಾಕ್ಟರು ಮೃಣಾಲಿನಿ ಫೋನು ಮಾಡಿದರು.

"ಹಯಾತಭಾಯಿ, ಅಬಲೂರಿನ ಅನ್ನವ್ವ ಅಂತ ಒಬ್ಬಾಕಿದು ಸ್ಕ್ಯಾನ್ ಕಳಿಸೇನಿ. ಅರವತ್ತೆಂಟು ವರ್ಷ. ವಸಡು ಪೂರಾ ಹೋಗ್ಯಾವ, ಹಲ್ಲೆಲ್ಲಾ ಅಳ್ಳಾಡ್ತಾವ. ನಾಳೆಯಿಂದ ಒಂದೊಂದ ತಗೀಬೇಕು. ಮುಂದಿನ ಎರಡು ಹಲ್ಲಿನ ನಡುವ ಒಂದು ಸಂದು ಅದ ನೋಡ್ರಿ. ಹೊಸಾ ಹಲ್ಲಿನಾಗ ಅದು ಇದ್ಧಾಂಗ ಇರಬೇಕಂತ."

"ಸಂದು ಬೇಕಂತ? ಎಲ್ಲಾರೂ ಸಂದು ಮುಚ್ಚಿ ಕೊಡ್ರಿ ಅಂತಾರ."

"ಆ ಸಂದಿಯಿಂದ ಆಕಿ ಸಿಳ್ಳು ಹಾಕ್ತಾಳಂತ. ಹೊಲದಾಗ ಎತ್ತು ಆ ಸಿಳ್ಳಿಗೇ ತಿರುಗ್ತಾವಂತ. ಅದು ಹೋಗ್ತದಂದ್ರ ಹಲ್ಲು ತಗಸೂದಿಲ್ಲಂತ ಕೂತಿದ್ಲು. ಒಂದು ಎಳಿ ಹೆಚ್ಚುಕಮ್ಮಿ ಆಗೂದಿಲ್ಲಂತ ಮಾತು ಕೊಟ್ಟೇನಿ. ಫೋಟೋನೂ ಇಲ್ಲ, ಆಧಾರ ಕಾರ್ಡಿನಾಗೂ ಬಾಯಿ ಮುಚ್ಚಿಕೊಂಡಾಳ. ಈ ಸ್ಕ್ಯಾನ್ ಒಂದ ಗತಿ."

"ನೀವು ಕಾಳಜಿ ಬಿಡ್ರಿ ಡಾಕ್ಟರ. ನಮ್ಮಲ್ಲಿ ಈಗ ಜೋಡಿ ಐತಿ. ಒಂದು ಹೋದ್ರ ಇನ್ನೊಂದರಾಗ ಇರತೈತಿ," ಎಂದು ಹಯಾತ ಎದೆ ಉಬ್ಬಿಸಿದ. ಆಮೇಲೆ ಅನ್ನವ್ವನ ದವಡೆಯನ್ನು ತೆರೆದು ನೋಡಿದ. ಎರಡು ಅಗಲವಾದ ಹಲ್ಲು, ಸ್ವಲ್ಪ ಸವೆದ ಅಂಚು, ನಡುವೆ ಜೋಳದ ಕಾಳು ನಿಲ್ಲುವಷ್ಟು ಸಂದು. ಇದರಿಂದ ಸಿಳ್ಳು ಹೇಗೆ ಬರುತ್ತದೆ ಎಂದು ಅವನು ಅರ್ಧ ತಾಸು ತಿರುಗಿಸಿ ತಿರುಗಿಸಿ ನೋಡಿದ. ತನ್ನ ನಾಲಿಗೆಯನ್ನು ತನ್ನ ಹಲ್ಲಿಗೆ ಒತ್ತಿ ಊದಿಯೂ ನೋಡಿದ. ಬರೀ ಉಗುಳು ಬಂತು.

ಅನ್ನವ್ವನ ಹಲ್ಲುಗಳನ್ನೆಲ್ಲ ತೆಗೆದದ್ದಾಯಿತು. ವಸಡು ಆರಲು ಎರಡು ತಿಂಗಳು ಬೇಕು. ಆಮೇಲೆ ಬರೀ ವಸಡಿನ ಅಳತೆ ಮತ್ತೊಮ್ಮೆ ತೆಗೆದು, ಹಳೆಯ ಹಲ್ಲಿನ ಚಿತ್ರವನ್ನು ಅದರ ಮೇಲೆ ಕೂಡಿಸಿ ಹೊಸದನ್ನು ಕಟ್ಟಬೇಕು. ಆ ಎರಡು ತಿಂಗಳು ಮುಗಿಯುತ್ತ ಬಂದಾಗ, ಒಂದು ಮಂಗಳವಾರ ಬೆಳಿಗ್ಗೆ, ಎತ್ತರದ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಲ್ಯಾಬಿನ ಬಾಗಿಲಲ್ಲಿ ನಿಂತಳು.

"ಇಮಾಮಸಾಬನ ಮಗಾ ನೀನ ಏನು? ನಾ ಅಬಲೂರ ಅನ್ನವ್ವ. ನನ್ನ ಹಲ್ಲ ನಿನ್ನ ಹಂತ್ಯಾಕ ಅದಾವಂತ. ನೋಡ್ಕೊಂಡ ಹೋಗೂಣಂತ ಬಂದೆ."

ಹಲ್ಲಿಲ್ಲದ ಬಾಯಿಯಿಂದ ಮಾತು ಗಾಳಿ ಕೂಡಿ ಬರುತ್ತಿತ್ತು. ಹಯಾತ ಗಡಬಡಿಸಿ ಎದ್ದ. ಅವನ ಇಷ್ಟು ವರ್ಷದ ಕಸುಬಿನಲ್ಲಿ ದವಡೆಯ ಮಾಲಕರು ಹುಡುಕಿಕೊಂಡು ಬಂದದ್ದು ಇದೇ ಮೊದಲು. "ಬರ್ರಿ ಯವ್ವಾ, ಕುಂಡ್ರಿ. ನಮ್ಮಪ್ಪ ಗೊತ್ತೇನ ನಿಮಗ?"

"ಗೊತ್ತಿಲ್ದ ಏನ! ನಮ್ಮ ಮನ್ಯಾನ ಒಂದು ಜೋಡಿ ಅವನ ಕೊಟ್ಟದ್ದು," ಎಂದಳು ಅನ್ನವ್ವ. ಆ ಜೋಡಿ ಮುಂದೆ ಏನಾಯಿತು ಎಂಬುದನ್ನು ಹೇಳಲಿಲ್ಲ.

ಹಯಾತ ಅವಳ ಹಲ್ಲುಗಳನ್ನು ಪರದೆಯ ಮೇಲೆ ತಂದ. ಅನ್ನವ್ವ ಸೆರಗು ಕೆಳಗಿಳಿಸಿ ಬಗ್ಗಿ ನೋಡಿದಳು. ಅಷ್ಟು ಹೊತ್ತಿನವರೆಗೆ ಗಡುಸಾಗಿದ್ದ ಮುಖ ಸಡಿಲಾಯಿತು. ಬೆರಳನ್ನು ಪರದೆಯ ಹತ್ತಿರ ತಂದು, ಮುಟ್ಟದೆ, ಆ ಸಂದಿಯನ್ನು ತೋರಿಸಿದಳು. "ಇದ ನೋಡಪಾ. ಈಗ ಎರಡ ತಿಂಗಳಾತು, ಕುಂಟೆ ಹೊಡಿಯಾಕ ಹ್ವಾದ್ರ ಎತ್ತು ಸಾಲಿನ ತುದಿಗೆ ನಿಂತ ಬಿಡತಾವ. ಬಾಯಿಲೆ ಕೂಗಿದ್ರ ಇಕಿ ಯಾರೋ ಅನ್ನೂಹಂಗ ನೋಡತಾವ. ಮಂದೀ ಮುಂದ ನಗೂದಿರ್ಲಿ, ನನ್ನ ಎತ್ತು ನನ್ನ ಗುರ್ತ ಮರತ್ರ ನಾ ಹ್ಯಾಂಗ ತಡೀಲಿ?"

ಅವಳಿಗೆ ಧೈರ್ಯ ಹೇಳಬೇಕೆನ್ನಿಸಿ ಹಯಾತ ಕಂಪ್ಯೂಟರಿನ ಮುಚ್ಚಳ ತೆಗೆದು ಜೋಡಿಯನ್ನು ತೋರಿಸಿದ. ಒಂದರಲ್ಲಿದ್ದದ್ದೇ ಇನ್ನೊಂದರಲ್ಲಿದೆ, ಒಂದನ್ನು ಕಿತ್ತರೂ ನಡೆಯುತ್ತದೆ, ನಾನೇ ಕಿತ್ತು ನೋಡಿದ್ದೇನೆ ಎಂದು ವಿವರಿಸಿದ. ಅನ್ನವ್ವ ಆ ಎರಡು ಕಪ್ಪು ಡಬ್ಬಿಗಳನ್ನು ಸಂತೆಯಲ್ಲಿ ಎತ್ತು ನೋಡುವಂತೆ ನೋಡಿದಳು.

"ಯಾವದು ಕಿತ್ತಿದ್ದಿ?"

"ಒಂದು... ಯಾವದೋ ಒಂದು."

"ಇನ್ನೊಂದು?"

ಹಯಾತ ಮುಚ್ಚಳವನ್ನು ಕೈಯಿಂದ ಕೈಗೆ ಬದಲಿಸಿದ.

"ನಿಮ್ಮಪ್ಪ ಎಡಕ್ಕೂ ಬಲಕ್ಕೂ ಎರಡೂ ಕಡೆ ಹೂಡಿ ತೋರಿಸಿದ್ದ. ನೀ ಒಂದ ಕಡೆ ನೋಡಿ ಜೋಡಿ ಅಂತಿಯಲ್ಲೋ," ಎಂದಳು ಅನ್ನವ್ವ.

ಕುಟುಕಿದ ಹಾಗಾಯಿತು. ಅಪ್ಪನ ಹೆಸರು ಬಂದ ಮೇಲೆ ಹಯಾತ ಹಿಂದೆ ಮುಂದೆ ನೋಡಲಿಲ್ಲ. ಕೈ ಹಾಕಿ ಒಂದು ಡ್ರೈವಿನ ಕೇಬಲ್ಲು ಎಳೆದೇಬಿಟ್ಟ. ಪರದೆಯ ಮೇಲಿದ್ದ ಅನ್ನವ್ವನ ಹಲ್ಲು ಮಾಯವಾಯಿತು. ಅದರ ಹಿಂದೆಯೇ ಎಲ್ಲ ದವಡೆಗಳಿದ್ದ ಡ್ರೈವೂ ಮಾಯವಾಯಿತು.

ಗಾಬರಿಯಾದ ಮನುಷ್ಯ ಮಾಡಬಾರದ್ದನ್ನೆಲ್ಲ ಹಯಾತ ಮಾಡಿದ. ಕಂಪ್ಯೂಟರ್ ಆರಿಸಿದ, ಎರಡೂ ಡ್ರೈವು ಹೊರಗೆ ತೆಗೆದ, ಊದಿದ, ಅಂಗಿಯಿಂದ ಒರೆಸಿದ, ಮೇಜಿನ ಮೇಲಿಟ್ಟ, ಮತ್ತೆ ಎತ್ತಿ ಒಳಗೆ ಹಾಕಿ ಈ ಸಲ ಎಲ್ಲ ಕೇಬಲ್ಲುಗಳನ್ನೂ ಒತ್ತಿ ಒತ್ತಿ ಕೂಡಿಸಿದ. ಮತ್ತೆ ಚಾಲು ಮಾಡಿದರೆ ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ಎರಡೂ ಡ್ರೈವಿನ ಬರಹ ಒಂದಕ್ಕೊಂದು ಹೊಂದುತ್ತಿಲ್ಲ, ಯಾವುದನ್ನು ಸರಿ ಎಂದು ಹಿಡಿದು ಇನ್ನೊಂದರ ಮೇಲೆ ಬರೆಯಲಿ? ಕೆಳಗೆ ಎರಡೇ ಸಾಲು, ನಾನೂರಾ ಹದಿನೇಳು, ನಾನೂರಾ ಹದಿನೆಂಟು.

ಮೊದಲು ಹಿರೇಕೆರೂರಿಗೆ ಫೋನು ಮಾಡಿದ. "ಡಾಕ್ಟರ, ಅನ್ನವ್ವಾರ ಹಳೇ ಸ್ಕ್ಯಾನ್ ನಿಮ್ಮ ಹತ್ರ ಐತೇನ್ರಿ?"

"ಇಲ್ಲಲ್ರಿ. ಲ್ಯಾಪ್‌ಟಾಪ್ ತುಂಬಿತ್ತು, ಹೋದ ತಿಂಗಳ ಎಲ್ಲಾ ಅಳಿಸಿದೆ. ನಿಮ್ಮಲ್ಲಿ ಜೋಡಿ ಅದ ಅಂದಿದ್ರಲ್ಲ?" ಎಂದರು ಮೃಣಾಲಿನಿ.

ಹಯಾತ ಫೋನಿಟ್ಟ. ಆಮೇಲೆ ಶಿಗ್ಗಾಂವಿಗೆ ಫೋನು ಹಚ್ಚಿ ಎಲ್ಲವನ್ನೂ ಒದರಿದ. ಪ್ರಾಣೇಶ ಬೈಯಲಿಲ್ಲ. ಅದೇ ಇನ್ನೂ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಮೊದಲ ಕೈ ಹಿಂದ ತಗೋರಿ. ಏನೂ ಒತ್ತಬ್ಯಾಡ್ರಿ. ಈಗ ಕೇಳ್ರಿ. ನೀವು ಒಂದು ಕಿತ್ತ ಕೂಡ್ಲೆ ಎಲ್ಲಾ ಮಾಯ ಆತಂದ್ರ ಇನ್ನೊಂದು ಆಗಲೇ ನಿಂತಿತ್ತು. ಎಂದಿನಿಂದ ನಿಂತಿತ್ತು?"

ಹಯಾತನಿಗೆ ಆಗ ನೆನಪಾಯಿತು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಕೇಬಲ್ಲು. ಮೂಲೆಯ ಹಳದಿ ಗುರುತು. "ಐದನೇ ದಿನದಿಂದ," ಎಂದ.

"ಅಂದ್ರ ಎರಡು ತಿಂಗಳ ಕೆಲಸ ಒಂದರ ಮ್ಯಾಲೇ ಅದ. ಇನ್ನೊಂದು ಐದನೇ ದಿನಕ್ಕೇ ನಿಂತದ. ಈಗ ನೀವು ಆ ನಿಂತದ್ದನ್ನ ಸರಿ ಅಂತ ಆರಿಸಿದ್ರ, ಅದು ದುಡದದ್ದರ ಮ್ಯಾಲೆ ಬರದುಬಿಡ್ತದ. ಎರಡು ತಿಂಗಳಿಂದ ಬಂದದ್ದೆಲ್ಲಾ ಹೋಗ್ತದ. ಅನ್ನವ್ವನ ಹಲ್ಲೂ ಹೋಗ್ತಾವ. ಯಾವದು ಯಾವ ಕೇಬಲ್ಲಿಗಿತ್ತು?"

"ಎರಡೂ ತಗದು ಮೇಜಿನ ಮ್ಯಾಲಿಟ್ಟಿದ್ದೆ. ಎರಡೂ ಒಂದ ನಮೂನಿ ಅದಾವ. ಗುರ್ತ ಹಾಕಿಲ್ಲ."

ಆ ಕಡೆಯಿಂದ ನಿಟ್ಟುಸಿರು ಕೇಳಿಸಿತು. ಸರಿಜೋಡಿಗಾಗಿ ಹಟ ಹಿಡಿದ ದಿನವನ್ನು ಇಬ್ಬರೂ ನೆನೆದರು, ಇಬ್ಬರೂ ಅದರ ಮಾತೆತ್ತಲಿಲ್ಲ. ಹಯಾತ ತಿರುಗಿ ಅನ್ನವ್ವನ ಮುಖ ನೋಡಿದ. ಮುಚ್ಚಿಡುವುದು ಅವನಿಂದಾಗಲಿಲ್ಲ. "ಯವ್ವಾ, ತಪ್ಪಾತು. ಎರಡ ತಿಂಗಳಿಂದ ಒಂದ ಎತ್ತಿನ ಮ್ಯಾಲೆ ಗಾಡಿ ಹೊಡದು, ಊರ ಮಂದಿಗೆಲ್ಲಾ ಜೋಡಿ ಅಂತ ಹೇಳ್ಕೊಂತ ತಿರಗೇನಿ. ನಿಮ್ಮ ಹಲ್ಲು ಇವೆರಡರಾಗ ಒಂದರಾಗ ಅದಾವ. ಯಾವದರಾಗ ಅಂತ ನನಗ ತಿಳಿವಲ್ದು."

ಅನ್ನವ್ವ ಸಿಟ್ಟಾಗುತ್ತಾಳೆಂದು ಅವನು ತಲೆ ತಗ್ಗಿಸಿ ನಿಂತ. ಅವಳು ಖಾಲಿ ಬಾಯಿಯನ್ನು ಎರಡು ಸಲ ಚಪ್ಪರಿಸಿದಳು.

"ಒಂದು ದುಡದೈತಿ, ಒಂದು ದುಡದಿಲ್ಲ, ಹೌದಿಲ್ಲೋ?" ಎಂದಳು. "ಹಂಗಾದ್ರ ಗುರ್ತ ಇರಾಕ ಬೇಕು. ದುಡದ ಎತ್ತಿನ ಹೆಗಲಿಗೆ ಜಡ್ಡು ಕಟ್ಟತೈತಿ. ನಿಮ್ಮಪ್ಪ ಇದ್ರ ಹಲ್ಲು ನೋಡತಿದ್ದ."

ಫೋನಿನಲ್ಲಿ ಇದನ್ನು ಕೇಳಿಸಿಕೊಂಡ ಪ್ರಾಣೇಶ ಕೂಗಿದ. "ಖರೇ ಅದ! ಅಜ್ಜಿ ಹೇಳಿದ್ದು ಖರೇ ಅದ! ಹಯಾತಭಾಯಿ, ಪ್ರತಿ ಎಸ್‌ಎಸ್‌ಡಿ ಒಳಗೂ ಅದು ಎಷ್ಟು ತಾಸು ನಡದದ, ಎಷ್ಟು ಬರಸಿಕೊಂಡದ ಅನ್ನೂ ಲೆಕ್ಕ ತಾನ ಇಟ್ಕೊಂಡಿರ್ತದ. ಒಂದೊಂದ ಕಿತ್ತು ನೋಡಿದ್ರೂ ತಿಳೀತಿತ್ತು, ಆದ್ರ ನೀವು ಇವತ್ತ ಕಿತ್ತದ್ದು ಸಾಕು. ಆರಾಮ ಕೂತು ಓದ್ರಿ. ಆ ಪ್ರಶ್ನೆ ಹಂಗ ಇರಲಿ, ಬಾಜೂಕ ಆರೋಗ್ಯ ತೋರಿಸೂ ಪಟ್ಟಿ ಅದ, ಅದನ್ನ ತಗೀರಿ."

ಹಯಾತ ಪಟ್ಟಿ ತೆರೆದ. ಉದ್ದನೆಯ ಪಟ್ಟಿ, ಬಿಸಿ ಎಷ್ಟು, ತಪ್ಪು ಎಷ್ಟು ಎಂದೆಲ್ಲ ಸಾಲು ಸಾಲು. ನಡುವೆ ನಡೆದ ತಾಸುಗಳ ಸಾಲು. ನಾನೂರಾ ಹದಿನೇಳಕ್ಕೆ ಮೂವತ್ತೆಂಟು ತಾಸು. ನಾನೂರಾ ಹದಿನೆಂಟಕ್ಕೆ ಆರುನೂರಾ ಹನ್ನೊಂದು.

ಒಂದು ಕ್ಷಣ ಅವನು ಹೆದರಿಕೆಯನ್ನೂ ಮರೆತ. ಇವುಗಳಿಗೂ ಹಲ್ಲಿದೆ! ಹೊರಗಿನಿಂದ ಕೂದಲೆಳೆಯ ವ್ಯತ್ಯಾಸವಿಲ್ಲ, ಬಾಯಿ ಬಿಚ್ಚಿದರೆ ಒಂದು ಕರು, ಒಂದು ಬಾಯಿ ಕೂಡಿದ ಎತ್ತು. ಅಪ್ಪನಿಗೆ ಇದನ್ನು ತೋರಿಸಬೇಕಿತ್ತು ಎಂದು ಅವನಿಗೆ ತೀರಾ ಅನ್ನಿಸಿತು. ಎರಡೂ ಅಂಕಿಗಳನ್ನು ಫೋನಿನಲ್ಲಿ ಎರಡೆರಡು ಸಲ ಓದಿ ಹೇಳಿದ. ಬರಸಿಕೊಂಡ ಲೆಕ್ಕವನ್ನೂ ಓದಿದ, ಅದೂ ಹದಿನೆಂಟರದೇ ಹೆಚ್ಚು. ಪ್ರಾಣೇಶ ಹ್ಞೂಂ ಎಂದ ಮೇಲೆ ಬಿಸ್ಮಿಲ್ಲಾ ಎಂದು ನಾನೂರಾ ಹದಿನೆಂಟನ್ನು ಒತ್ತಿದ.

ನೂರಕ್ಕೆ ಒಂದು, ನೂರಕ್ಕೆ ಎರಡು ಎಂದು ಅಂಕಿ ಏರತೊಡಗಿತು. ಶಬನಮ ಬಂದು ಗಂಡನ ಮುಖ ನೋಡಿ ನೇರ ಒಳಗೆ ಹೋದಳು. ಅನ್ನವ್ವನಿಗೆ ಮೆತ್ತನೆಯ ಉಪ್ಪಿಟ್ಟು ಮಾಡಿ ತಂದಳು, ಗಂಡನ ಎರಡೂ ಕೈಗೆ ಒಂದೊಂದು ಕಪ್ಪು ಚಹಾ ಕೊಟ್ಟಳು. "ಎರಡೂ ಕೈ ತುಂಬಿರ್ಲಿ. ಖಾಲಿ ಇದ್ರ ಮತ್ತ ಏನರೆ ಕೀಳತಾರ," ಎಂದಳು ಅನ್ನವ್ವನಿಗೆ. ಅನ್ನವ್ವ ಹಲ್ಲಿಲ್ಲದ ಬಾಯಿ ಬಿಟ್ಟು ಗೊಳ್ಳನೆ ನಕ್ಕಳು, ಸೆರಗು ಅಡ್ಡ ಹಿಡಿಯುವುದನ್ನೂ ಮರೆತು.

ಮಧ್ಯಾಹ್ನದ ಹೊತ್ತಿಗೆ ಅಂಕಿ ನೂರು ಮುಟ್ಟಿತು. ಮೂಲೆಯ ಹಳದಿ ಗುರುತು ಹೋಯಿತು. ಹಯಾತ ಪಟ್ಟಿಯಲ್ಲಿ ಕೆಳಗೆ ಕೆಳಗೆ ಇಳಿದು 'ಅನ್ನವ್ವ, ಅಬಲೂರು' ಎಂಬುದನ್ನು ಒತ್ತಿದ. ಎರಡು ಅಗಲ ಹಲ್ಲು, ನಡುವೆ ಜೋಳದ ಕಾಳಿನಷ್ಟು ಸಂದು. ಅವನಿಗೆ ಅಳು ಬಂತು, ಅತ್ತ. ಆಮೇಲೆ ಕಣ್ಣೊರೆಸಿಕೊಂಡು ಅದೇ ಕ್ಷಣಕ್ಕೆ ಇನ್ನೊಂದು ಪ್ರತಿ ಡಾಕ್ಟರಿಗೆ, ಮತ್ತೊಂದು ಪ್ರತಿ ಪ್ರಾಣೇಶನಿಗೆ ಕಳಿಸಿದ. ಒಂದು ಡ್ರೈವಿಗೆ ಕೆಂಪು ದಾರ, ಇನ್ನೊಂದಕ್ಕೆ ಕರಿ ದಾರ ಕಟ್ಟಿದ. ಶಬನಮ ಎಲ್ಲಿಂದಲೋ ಮೂರು ಸ್ಕ್ರೂ ಹುಡುಕಿ ತಂದು ಮುಚ್ಚಳವನ್ನು ತಾನೇ ಬಿಗಿದಳು.

ಮೂರು ವಾರದ ಮೇಲೆ ಹಲ್ಲು ತಯಾರಾಗಿ ಹಿರೇಕೆರೂರಿಗೆ ಹೋದವು, ಮೃಣಾಲಿನಿ ಅವನ್ನು ಅನ್ನವ್ವನ ಬಾಯಲ್ಲಿ ಕೂಡಿಸಿದರು. ಇಲ್ಲಿಯ ತನಕ ತಾನು ಮಾಡಿದ ಹಲ್ಲು ಹೇಗೆ ಕೂತಿವೆ ಎಂದು ನೋಡಲು ಹಯಾತ ಎಲ್ಲಿಗೂ ಹೋದವನಲ್ಲ. ಈ ಸಲ ಇರಲಾಗಲಿಲ್ಲ. ಆ ಸಿಳ್ಳು ಹೇಗಿರುತ್ತದೆ ಎಂದು ಕೇಳದಿದ್ದರೆ ನಿದ್ದೆ ಬರುವುದಿಲ್ಲ ಎಂದು ಶಬನಮಳಿಗೆ ಹೇಳಿ, ಮೋಟಾರ್‌ಸೈಕಲ್ ಹತ್ತಿ ಅಬಲೂರಿಗೆ ಹೋದ.

ಅನ್ನವ್ವ ಹೊಲದಲ್ಲಿದ್ದಳು. ಬದುವಿನ ಮೇಲೆ ನಿಂತ ಹಯಾತನ ಕಣ್ಣು ಮೊದಲು ಹೋದದ್ದು ಅವಳ ಬಾಯಿಗಲ್ಲ, ಎತ್ತುಗಳಿಗೆ. ಒಂದು ಬಿಳಿಯದು, ಎತ್ತರದ್ದು, ವಯಸ್ಸಾದದ್ದು. ಇನ್ನೊಂದು ಕೆಂದ ಬಣ್ಣದ್ದು, ಗಿಡ್ಡ, ನಾಲ್ಕು ಹಲ್ಲಿನದಿದ್ದೀತು. ಇಂಥ ಜೋಡಿಯನ್ನು ಇಮಾಮಸಾಬರು ಸಂತೆಯ ಹತ್ತಿರವೂ ಬಿಡುತ್ತಿರಲಿಲ್ಲ.

"ಹಂಗ್ಯಾಕ ನೋಡಾಕತ್ತಿ?" ಎಂದಳು ಅನ್ನವ್ವ. ಮಾತು ಈಗ ಸ್ಪಷ್ಟವಾಗಿತ್ತು. "ನಿಮ್ಮಪ್ಪ ಕೊಟ್ಟ ಜೋಡಿ ಭಾಳ ಚಂದ ಇತ್ತಪಾ. ಊರ ಮಂದಿ ನಿಂತು ನೋಡತಿದ್ರು. ಒಂದ ವಯಸ್ಸು, ಒಂದ ದುಡಿತ. ಎರಡೂ ಒಂದ ವರ್ಷದಾಗ ಮುದಿಯಾಗಿ ಕೂತ ಬಿಟ್ಟವು. ಬಿತ್ತಿಗಿ ಹೊತ್ತಿಗೆ ಕೊಟ್ಟಿಗ್ಯಾಗ ದುಡಿಯೂ ಎತ್ತು ಒಂದೂ ಇರಲಿಲ್ಲ. ಅವನ ತಪ್ಪಲ್ಲ, ಹಂತಾದ ಬೇಕಂತ ನಾನ ಹಟಾ ಹಿಡದಿದ್ದೆ. ಅಂದಿನಿಂದ ಒಂದು ಹಳೇದು, ಒಂದು ಹೊಸಾದು ಕಟ್ಟತೇನಿ. ಸವಣೂರಾಗ ನಿನಗ ಹೇಳಬೇಕಂತಿದ್ದೆ. ಅವತ್ತ ನಿನಗಾಗಿದ್ದು ಸಾಕಾಗಿತ್ತು, ಬಿಟ್ಟೆ."

ಅಪ್ಪನ ಜೋಡಿಯ ಕಥೆ ಸಂತೆಯಿಂದ ಆಚೆಗೆ ಏನಾಯಿತು ಎಂದು ಹಯಾತ ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಎಲ್ಲವನ್ನೂ ಬಿಚ್ಚಿ ನೋಡಿದವನಿಗೆ ಅದೊಂದು ತೋಚಿರಲಿಲ್ಲ. ಅಲ್ಲೇ ನಿಂತು ಫೋನು ತೆಗೆದು ಶಿಗ್ಗಾಂವಿಗೆ ಹಚ್ಚಿದ.

"ಪ್ರಾಣೇಶರ, ಇನ್ನೊಂದು ಎಸ್‌ಎಸ್‌ಡಿ ತಗದಿಡ್ರಿ. ಬ್ಯಾರೆ ಕಂಪನಿದು. ಹದಿನೇಳನ್ನ ತಗದು ಅದನ್ನ ಹಾಕತೇನಿ."

"ಯಾಕ್ರಿ? ಬಿಳೇ ಎತ್ತಿಗೆ ಕೆಂದ ಎತ್ತು ಕೂಡಿಸಿ ಜೋಡಿ ಅಂತಾರೇನು?" ಎಂದ ಪ್ರಾಣೇಶ. ಇಷ್ಟು ದಿನ ಈ ಮಾತಿಗಾಗಿಯೇ ಕಾದಿದ್ದ.

ಹಯಾತ ಉತ್ತರ ಕೊಡುವಷ್ಟರಲ್ಲಿ ಎತ್ತುಗಳು ಸಾಲಿನ ತುದಿ ಮುಟ್ಟಿ ನಿಂತವು. ಅನ್ನವ್ವ ನಾಲಿಗೆಯನ್ನು ಹೊಸ ಹಲ್ಲಿನ ಹಿಂದಕ್ಕೆ ಒತ್ತಿದಳು. ಮೊದಲ ಸಲ ಬರೀ ಗಾಳಿ ಬಂತು. ಎರಡನೆಯ ಸಲ ತೆಳ್ಳನೆಯ, ಚೂಪಾದ ಸಿಳ್ಳು ಹೊಲದ ಆ ತುದಿಯವರೆಗೂ ಹೋಯಿತು. ಬಿಳಿ ಎತ್ತು ಕಿವಿ ನಿಮಿರಿಸಿತು, ತಲೆ ಎತ್ತಿ ಅವಳನ್ನು ನೋಡಿತು, ತಿರುಗಿತು. ಕೆಂದ ಎತ್ತು ಬಿಳಿಯದನ್ನು ನೋಡಿ ತಾನೂ ತಿರುಗಿತು. ಅನ್ನವ್ವ ಹಯಾತನ ಕಡೆಗೆ ತಿರುಗಿ, ಬಾಯಿ ಮುಚ್ಚಿಕೊಳ್ಳದೆ ನಕ್ಕಳು.

"ಹಲೋ? ಹಯಾತಭಾಯಿ, ಏನದು ಸಪ್ಪಳ?" ಎಂದು ಪ್ರಾಣೇಶ ಕೇಳುತ್ತಿದ್ದ.

"ಲೈನಿನಾಗ ಇರ್ರಿ," ಎಂದ ಹಯಾತ, ಫೋನನ್ನು ಹೊಲದ ಕಡೆ ಹಿಡಿದು. "ಇನ್ನೊಮ್ಮೆ ಹಾಕತಾರ, ಕೇಳ್ರಿ."